ಬೀದರಿನ ನೆಲದಡಿಯ ನೀರು: ಆರು ತಪ್ಪು ಕಲ್ಪನೆ, ಆರು ವಾಸ್ತವ

ಬೀದರ್ ಪಕ್ಕದ ನೌಬಾದಿನಲ್ಲಿ ಕರೇಜು ಎಂಬ ಹಳೆಯ ನೀರಿನ ವ್ಯವಸ್ಥೆಯ ಬಾಯಿಯೊಂದರ ಬಳಿ ನಿಂತು ಬಗ್ಗಿ ನೋಡಿ. ಕೆಂಪು ಕಲ್ಲನ್ನು ನೇರವಾಗಿ ಕಡಿದು ಇಳಿಸಿದ ಬಾವಿ ಕಾಣುತ್ತದೆ. ಅದರ ತಳದಲ್ಲಿ ಕತ್ತಲು, ಆ ಕತ್ತಲಿನೊಳಗೆ ಒಂದು ಸುರಂಗ. ಈ ಸುರಂಗದ ಬಗ್ಗೆ, ಅದಕ್ಕೆ ನೀರುಣಿಸುವ ನೆಲದ ಬಗ್ಗೆ ನಮ್ಮಲ್ಲಿ ಹಲವು ತಪ್ಪು ತಿಳಿವಳಿಕೆಗಳಿವೆ. ಅವುಗಳ ಬೆಲೆಯನ್ನು ನಮ್ಮ ಬಾವಿಗಳೂ ಮಾಂಜ್ರಾ ನದಿಯೂ ತೆರುತ್ತಿವೆ.

ತಪ್ಪು ಕಲ್ಪನೆ 1: ಇದು ಅರಸರು ತಪ್ಪಿಸಿಕೊಳ್ಳಲು ತೋಡಿಸಿದ ಗುಪ್ತ ದಾರಿ.

ವಾಸ್ತವ: ಇದು ನೀರಿನ ದಾರಿ. ಬಹಮನಿ ಅರಸರು 15ನೇ ಶತಮಾನದಲ್ಲಿ ಬೀದರನ್ನು ರಾಜಧಾನಿ ಮಾಡಿಕೊಂಡ ಕಾಲದಲ್ಲಿ ಇರಾನಿನ ಕನಾತ್ ಅಥವಾ ಕರೇಜು ವಿದ್ಯೆ ಇಲ್ಲಿಗೆ ಬಂತು. ಎತ್ತರದಲ್ಲಿ ಒಂದು ತಾಯಿಬಾವಿ, ಅಲ್ಲಿಂದ ಸ್ವಲ್ಪವೇ ಇಳಿಜಾರಾಗಿ ಸಾಗುವ ಸುರಂಗ, ಗಾಳಿ ಬೆಳಕಿಗೂ ಹೂಳು ಎತ್ತಲಿಕ್ಕೂ ನಡುನಡುವೆ ಬಾಯಿಗಳು. ನೌಬಾದ್ ಕರೇಜು ಎರಡು ಕಿಲೋಮೀಟರಿಗೂ ಉದ್ದವಿದೆ, ಅದಕ್ಕೆ 21 ಬಾಯಿಗಳಿವೆ. ರಾಟೆ ಬೇಡ, ಪಂಪು ಬೇಡ, ನೀರು ತಾನೇ ಹರಿದುಬರುತ್ತಿತ್ತು.

ತಪ್ಪು ಕಲ್ಪನೆ 2: ಬೀದರ್ ಕಲ್ಲುಗುಡ್ಡದ ಮೇಲಿನ ಊರು, ಇಲ್ಲಿ ನೀರು ನಿಲ್ಲುವುದಿಲ್ಲ.

ವಾಸ್ತವ: ಈ ಕೆಂಪು ಜಂಬಿಟ್ಟಿಗೆ ಕಲ್ಲೇ ನಮ್ಮ ಕೆರೆ. ಒಂದು ತುಂಡು ಜಂಬಿಟ್ಟಿಗೆಯ ಮೇಲೆ ಚೊಂಬು ನೀರು ಸುರಿದು ನೋಡಿ, ಅದರ ತೂತುಗಳು ನೀರನ್ನು ಒಳಗೆಳೆದುಕೊಳ್ಳುತ್ತವೆ. ಬೀದರ್ ಪ್ರಸ್ಥಭೂಮಿಯ ಮೇಲ್ಪದರ ಹೀಗೇ ಮಳೆಯನ್ನು ಕುಡಿಯುತ್ತದೆ. ಕೆಳಗಿರುವ ಜೇಡಿ ಮತ್ತು ಗಟ್ಟಿ ಕರಿಕಲ್ಲು ಆ ನೀರನ್ನು ತಡೆದು ನಿಲ್ಲಿಸುತ್ತವೆ. ಗುಡ್ಡದ ಅಂಚಿನಲ್ಲಿ ಅದು ಝರಿಯಾಗಿ ಹೊರಬೀಳುತ್ತದೆ. ಗುರುನಾನಕ್ ಝೀರಾ, ಪಾಪನಾಶ, ಭಕ್ತರು ಎದೆಮಟ್ಟದ ನೀರಿನಲ್ಲಿ ಗುಹೆಯೊಳಗೆ ನಡೆದು ದರ್ಶನ ಪಡೆಯುವ ಝರಣಿ ನರಸಿಂಹ, ಈ ಮೂರೂ ಈ ಕೆಂಪು ಕಲ್ಲಿನ ಕೊಡುಗೆ.

ತಪ್ಪು ಕಲ್ಪನೆ 3: ಬಳಕೆ ನಿಂತ ಬಾವಿ, ಸುರಂಗಗಳನ್ನು ಕಸ ಹಾಕಿ ಮುಚ್ಚಿದರೆ ತೊಂದರೆಯಿಲ್ಲ.

ವಾಸ್ತವ: ನೆಲದೊಳಗಿನ ತೂತು ಬಳಕೆ ನಿಂತ ಮಾತ್ರಕ್ಕೆ ಮುಗಿದುಹೋಗುವುದಿಲ್ಲ. ಇದನ್ನು ಜಗತ್ತು ಮುಚ್ಚಿದ ಕಲ್ಲಿದ್ದಲು ಗಣಿಗಳಿಂದ ಕಲಿತಿದೆ. ಪಂಪು ನಿಲ್ಲಿಸಿದ ಗಣಿಯಲ್ಲಿ ನೀರು ಮೆಲ್ಲಗೆ ಏರುತ್ತದೆ. ಕಲ್ಲಿದ್ದಲಿನ ಜೊತೆಗಿರುವ ಗಂಧಕದ ಖನಿಜ ಗಾಳಿ ನೀರು ತಾಗಿ ಆಮ್ಲವಾಗುತ್ತದೆ. ವರ್ಷಗಳ ನಂತರ ಕಬ್ಬಿಣ ಕರಗಿದ ಕಿತ್ತಳೆ ಬಣ್ಣದ ನೀರು ಹಳ್ಳ ಸೇರುತ್ತದೆ. ಬೀದರಿನಲ್ಲಿ ಕಲ್ಲಿದ್ದಲಿಲ್ಲ, ಆ ಆಮ್ಲದ ಭಯವೂ ಇಲ್ಲ. ಆದರೆ ನಿಯಮ ಒಂದೇ: ಒಳಗೆ ಹೋದದ್ದು ಎಲ್ಲೋ ಹೊರಗೆ ಬಂದೇ ಬರುತ್ತದೆ. ಮಣ್ಣಿನ ಮೇಲೆ ಬಿದ್ದ ಕೊಳೆ ಸ್ವಲ್ಪವಾದರೂ ಸೋಸಿ ಇಳಿಯುತ್ತದೆ. ಕರೇಜಿನ ಬಾಯಿಗೆ ಸುರಿದ ಕೊಳೆ ಸೋಸದೆ ನೇರವಾಗಿ ನೀರಿನ ಮಡಿಲಿಗೇ ಬೀಳುತ್ತದೆ.

ತಪ್ಪು ಕಲ್ಪನೆ 4: ನೀರು ತಿಳಿಯಾಗಿದ್ದರೆ ಶುದ್ಧ, ಅನುಮಾನವಿದ್ದರೆ ಕುದಿಸಿದರಾಯಿತು.

ವಾಸ್ತವ: ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಪಾಯಖಾನೆ ಗುಂಡಿ, ತಿಪ್ಪೆ, ಅತಿಯಾದ ಯೂರಿಯಾದಿಂದ ಇಳಿಯುವ ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನಕ. ಎಳೆಗೂಸುಗಳಿಗೆ ಇದು ಹೆಚ್ಚು ಅಪಾಯ. ಪರೀಕ್ಷೆ ಮಾಡಿಸದೆ ತಿಳಿಯುವ ದಾರಿಯಿಲ್ಲ.

ತಪ್ಪು ಕಲ್ಪನೆ 5: ಭಾಲ್ಕಿ, ಔರಾದ್ ಕಡೆ ಇನ್ನೂ ಆಳಕ್ಕೆ ಬೋರ್ ಕೊರೆದರೆ ನೀರು ಸಿಕ್ಕೇ ಸಿಗುತ್ತದೆ.

ವಾಸ್ತವ: ಅಲ್ಲಿಯದು ಹೆಚ್ಚಾಗಿ ಎರೆಭೂಮಿ, ಅದರಡಿ ಪದರ ಪದರವಾಗಿ ಹೆಪ್ಪುಗಟ್ಟಿದ ಲಾವಾದ ಕರಿಕಲ್ಲು. ನೀರಿರುವುದು ಮೇಲಿನ ಸವೆದ ಪದರದಲ್ಲಿ, ಕಲ್ಲಿನ ಬಿರುಕಿನಲ್ಲಿ, ಎರಡು ಪದರ ಕೂಡುವ ಸಂದಿನಲ್ಲಿ. ಗಟ್ಟಿ ಕಲ್ಲಿಗೆ ಇಳಿದಷ್ಟೂ ಖರ್ಚು ಹೆಚ್ಚುತ್ತದೆಯೇ ಹೊರತು ನೀರು ಹೆಚ್ಚುತ್ತದೆಂಬ ಖಾತ್ರಿಯಿಲ್ಲ. ನೆನೆದ ಎರೆಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡ ಮೇಲೆ ಮಳೆ ಇಂಗುವುದೂ ನಿಧಾನ. ಹಾಗಾಗಿ ಬದು, ಕೃಷಿಹೊಂಡ, ಹಳ್ಳದ ತಡೆ ಇಲ್ಲದೆ ಅಂತರ್ಜಲ ಸಾಕಷ್ಟು ತುಂಬುವುದಿಲ್ಲ.

ತಪ್ಪು ಕಲ್ಪನೆ 6: ಮಾಂಜ್ರಾ ಇದೆ, ಕಾರಂಜಾ ಇದೆ, ಅಂತರ್ಜಲದ ಚಿಂತೆ ಯಾಕೆ?

ವಾಸ್ತವ: ಮಳೆ ನಿಂತ ಮೇಲೆ ನದಿಯಲ್ಲಿ ಹರಿಯುವುದು ಬಹುಪಾಲು ನೆಲದಿಂದ ಜಿನುಗಿದ ನೀರೇ. ಅಂತರ್ಜಲ ಕುಸಿದರೆ ನದಿ ಬೇಗ ಒಣಗುತ್ತದೆ, ಕೆಟ್ಟರೆ ನದಿಯೂ ಕೆಡುತ್ತದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಹುಟ್ಟುವ ಮಾಂಜ್ರಾ ಭಾಲ್ಕಿ, ಔರಾದ್ ಸೀಮೆ ದಾಟಿ ತೆಲಂಗಾಣದ ಸಿಂಗೂರು, ನಿಜಾಮಸಾಗರ ಜಲಾಶಯಗಳನ್ನು ತುಂಬಿ ಗೋದಾವರಿ ಸೇರುತ್ತದೆ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಅಣೆಕಟ್ಟು ಕಂಡ ಕಾರಂಜಾ ಅದರ ಉಪನದಿ. ನಾವು ಬಿಟ್ಟ ಕೊಳೆಯನ್ನು ಕೆಳಗಿನ ಊರಿನವರು ಕುಡಿಯುತ್ತಾರೆ.

2016ರ ಬರದಲ್ಲಿ ಜಿಲ್ಲಾಧಿಕಾರಿಯಾಗಿದ್ದ ಅನುರಾಗ್ ತಿವಾರಿ ಜನರನ್ನು ಸೇರಿಸಿಕೊಂಡು ಕೆರೆ, ತೆರೆದ ಬಾವಿಗಳ ಹೂಳೆತ್ತಿಸಿದರು. ಅದು ಆಗುವ ಕೆಲಸವೆಂದು ಆಗಲೇ ಗೊತ್ತಾಗಿದೆ. ಆದರೆ ಹೂಳೆತ್ತಿದರಷ್ಟೇ ಸಾಲದು, ಮಳೆ ಇಂಗುವ ಮೇಲಿನ ಬಯಲೂ ಉಳಿಯಬೇಕು. ಓದುಗರಲ್ಲಿ ಕೇಳುವುದಿಷ್ಟೆ: ನಿಮ್ಮ ಓಣಿಯ ಹಳೆಯ ಬಾವಿಗೆ ಕಸ ಬೀಳಲು ಬಿಡಬೇಡಿ, ಪಾಯಖಾನೆ ಗುಂಡಿಯನ್ನು ಬಾವಿಯಿಂದ ದೂರವಿಡಿ, ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ನೀರು ಪರೀಕ್ಷೆ ಮಾಡಿಸಿ. ಆರು ನೂರು ವರ್ಷದ ಹಿಂದಿನವರು ಉಳಿಯಿಂದ ಕಲ್ಲು ಕಡಿದು ಈ ನೀರನ್ನು ನಮಗೆ ತಂದುಕೊಟ್ಟರು. ಅದನ್ನು ಕೆಡಿಸದೆ ಮುಂದಿನವರಿಗೆ ಒಪ್ಪಿಸುವುದು ನಮ್ಮ ಹೊಣೆ.