ಪೆನ್ ಡ್ರೈವ್‌ನಲ್ಲಿ ಇಡೀ ಮನೆಯ ಕಾಗದಪತ್ರ: ಬೀಗ ಹಾಕಿದ್ದೀರಾ?

ಬೆಳೆ ವಿಮೆ ನೋಂದಣಿಯ ಕೊನೇ ವಾರದಲ್ಲಿ ತಾಲ್ಲೂಕು ಕೇಂದ್ರದ ಯಾವುದಾದರೂ ಸೈಬರ್ ಸೆಂಟರ್‌ಗೆ ಹೋದರೆ ಅಲ್ಲಿನ ಕಂಪ್ಯೂಟರ್ ಪರದೆಯನ್ನೊಮ್ಮೆ ಗಮನಿಸಿ. ‘ಅಪ್ಪ ಆಧಾರ್’, ‘ಪಹಣಿ ಹೊಸದು’, ‘ಪಾಸ್‌ಬುಕ್ 2’ ಅಂತ ಯಾರ್ಯಾರದ್ದೋ ಫೈಲುಗಳು ಸಾಲಾಗಿ ಕೂತಿರುತ್ತವೆ. ಟೇಬಲ್ ಮೇಲಿನ ಡಬ್ಬಿಯಲ್ಲಿ ಯಾರೋ ಮರೆತುಹೋದ ಒಂದೆರಡು ಪೆನ್ ಡ್ರೈವ್. ಚುಚ್ಚಿ ನೋಡಿದರೆ ಒಂದು ಮನೆಯ ಜಾತಕವೇ ತೆರೆದುಕೊಳ್ಳುತ್ತೆ.

ನಮ್ಮ ಪೆನ್ ಡ್ರೈವ್‌ಗಳಲ್ಲಿ ಇರೋದೇನು? ಪಹಣಿ, ಮ್ಯುಟೇಷನ್, 11ಇ ನಕ್ಷೆ, ಕ್ರಯಪತ್ರ, ವಂಶವೃಕ್ಷ, ಆಧಾರ್, ಪಾಸ್‌ಬುಕ್‌ನ ಮೊದಲ ಪುಟ, ಹನಿ ನೀರಾವರಿ ಬಿಲ್ಲು. ಇದರಲ್ಲಿ ಪಹಣಿಗೆ ಹೆದರಬೇಕಿಲ್ಲ. ಸರ್ವೆ ನಂಬರ್ ಹಾಕಿದರೆ ಭೂಮಿ ವೆಬ್‌ಸೈಟಿನಲ್ಲಿ ಯಾರಿಗಾದರೂ ಕಾಣುತ್ತೆ. ಅಪಾಯ ಇರೋದು ಬೇರೆ ಮೂರು ಒಂದೇ ಕಡೆ ಸೇರಿದಾಗ: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಹೆಬ್ಬೆಟ್ಟಿನ ಗುರುತು. ಎಇಪಿಎಸ್ ಅಂತಾರಲ್ಲ, ಊರಿನ ಬ್ಯಾಂಕ್ ಮಿತ್ರರ ಹತ್ತಿರ ಬೆರಳು ಒತ್ತಿ ದುಡ್ಡು ತಗೊಳ್ಳೋದು, ಅದಕ್ಕೆ ಬೇಕಾದ್ದು ಈ ಮೂರೇ. ಒಟಿಪಿ ಕೇಳಲ್ಲ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರು ಹೀಗೇ ಹಣ ಹೋಯಿತು ಅಂತ ಪೊಲೀಸರಿಗೆ ದೂರು ಕೊಟ್ಟರು. ನೋಂದಣಿ ಪತ್ರದಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿದ್ದಾರೆ ಅನ್ನೋದೇ ಆಗಿನ ಅನುಮಾನ. ನಮ್ಮ ಕ್ರಯಪತ್ರದ ಸ್ಕ್ಯಾನ್ ಪ್ರತಿಯಲ್ಲೂ ಇರೋದು ಅದೇ ಹೆಬ್ಬೆಟ್ಟು.

ನನಗೆ ಇದು ತಲೆಗೆ ಹತ್ತಿದ್ದು ಸಾವಯವ ಗುಂಪಿನ ಕೆಲಸದಿಂದ. ಪಿಜಿಎಸ್ ದೃಢೀಕರಣ ಬೇಕು ಅಂದರೆ ಕನಿಷ್ಠ 5 ರೈತರ ಸ್ಥಳೀಯ ಗುಂಪು ಇರಬೇಕು. ನಮ್ಮದರಲ್ಲಿ 8 ಮನೆ, ದಾಖಲೆ ನೋಡಿಕೊಳ್ಳೋದು ನನ್ನ ಪಾಲಿಗೆ ಬಂದಿದೆ. ನಂದು ಕಳೆದುಹೋದರೆ ಹಣೆಬರಹ ಅನ್ನಬಹುದು. ಪಕ್ಕದ ತೋಟದ ಅಜ್ಜಿಯ ಆಧಾರ್ ನನ್ನ ಜೇಬಿನಿಂದ ಬಸ್ಸಿನಲ್ಲಿ ಬಿದ್ದುಹೋದರೆ ಅವರ ಮುಂದೆ ಏನಂತ ನಿಲ್ಲೋದು?

ಹಾಗಾಗಿ ಎನ್‌ಕ್ರಿಪ್ಷನ್. ಫೈಲಿನ ಒಳಗಿರೋದನ್ನೆಲ್ಲ ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಕಲಸಿಬಿಡೋದು ಅಂತ ಅರ್ಥ. ಫೋಲ್ಡರ್ ಬಚ್ಚಿಡುವ ಆ್ಯಪ್‌ಗಳು ಎಲ್ಲವೂ ಈ ಕೆಲಸ ಮಾಡಲ್ಲ, ಕೆಲವು ಕಣ್ಣಿಗೆ ಕಾಣದಂತೆ ಮಾಡುತ್ತವೆ ಅಷ್ಟೇ. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಅಂತೀರಾ? ಹೆಸರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ವರ್ಷ. ಎರಡೂ ಅದೇ ಪೆನ್ ಡ್ರೈವ್‌ನ ಮಾರ್ಕ್ಸ್ ಕಾರ್ಡಿನಲ್ಲಿರುತ್ತೆ!

ಲ್ಯಾಪ್‌ಟಾಪ್ ಇಲ್ಲದವರೇ ಜಾಸ್ತಿ, ಅದಕ್ಕೆ ಮೊದಲು ಫೋನಿನ ದಾರಿ ಹೇಳ್ತೀನಿ. ಟೈಪ್-ಸಿ ಮೂತಿ ಇರುವ ಪೆನ್ ಡ್ರೈವ್ ತಗೊಳ್ಳಿ, ಇಲ್ಲವೇ ಇರೋದಕ್ಕೇ ಒಟಿಜಿ ಕನೆಕ್ಟರ್ ಹಾಕಿ. ಪ್ಲೇ ಸ್ಟೋರ್‌ನಲ್ಲಿ ಝಡ್‌ಆರ್ಕೈವರ್ ಅನ್ನೋ ಉಚಿತ ಆ್ಯಪ್ ಇದೆ. ಕಾಗದಗಳನ್ನೆಲ್ಲ ಒಂದು ಫೋಲ್ಡರ್‌ಗೆ ಹಾಕಿ, ಅದನ್ನು ಒತ್ತಿಹಿಡಿದು ಕಂಪ್ರೆಸ್ ಆರಿಸಿ. ಫಾರ್ಮ್ಯಾಟ್ 7ಝಡ್ ಇರಲಿ, ಪಾಸ್‌ವರ್ಡ್ ಕೊಡಿ, ಫೈಲ್ ಹೆಸರುಗಳನ್ನೂ ಎನ್‌ಕ್ರಿಪ್ಟ್ ಮಾಡುವ ಆಯ್ಕೆಗೆ ಟಿಕ್ ಹಾಕಿ. ಹಳೇ ಮಾದರಿಯ ಜಿಪ್ ಪಾಸ್‌ವರ್ಡ್ ಸುಲಭವಾಗಿ ಮುರಿಯುತ್ತೆ. 7ಝಡ್ ಬಳಸೋದು ಎಇಎಸ್-256, ಒಳ್ಳೇ ಪಾಸ್‌ವರ್ಡ್ ಇದ್ದರೆ ಅದನ್ನು ಒಡೆಯೋದು ಆಗದ ಮಾತು. ಕಂಪ್ಯೂಟರಿನಲ್ಲಿ ಇದೇ ಫೈಲನ್ನು 7-ಜಿಪ್ ಅನ್ನೋ ಉಚಿತ ತಂತ್ರಾಂಶ ತೆರೆಯುತ್ತೆ. ಪೆನ್ ಡ್ರೈವ್‌ಗೆ ಹಾಕಿದ ಮೇಲೆ ಒಮ್ಮೆ ತೆರೆದು ನೋಡಿ, ಆಮೇಲೆ ಫೋನಿನಲ್ಲಿ ಬಿಚ್ಚಿಟ್ಟ ಪ್ರತಿಗಳನ್ನು ಅಳಿಸಿ. ಗ್ಯಾಲರಿಯ ಕಸದಬುಟ್ಟಿಯನ್ನೂ ಖಾಲಿ ಮಾಡಿ.

ಮನೆಯಲ್ಲಿ ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ಇಡೀ ಪೆನ್ ಡ್ರೈವ್‌ಗೇ ಬೀಗ ಹಾಕಬಹುದು. ವಿಂಡೋಸ್ ಪ್ರೊ ಆವೃತ್ತಿಯಲ್ಲಿ ಬಿಟ್‌ಲಾಕರ್ ಒಳಗೇ ಇದೆ. ಹೋಮ್ ಆವೃತ್ತಿಯಲ್ಲಿ ಬೀಗ ಹಾಕಲಾಗಲ್ಲ, ಹಾಕಿದ್ದನ್ನು ತೆರೆಯಬಹುದು. ಬೀಗ ಹಾಕುವಾಗ ಅದು ಕೊಡುವ 48 ಅಂಕಿಯ ರಿಕವರಿ ಕೀ ಪ್ರಿಂಟ್ ತೆಗೆದಿಡಿ. ಪ್ರೊ ಇಲ್ಲದವರಿಗೆ ವೆರಾಕ್ರಿಪ್ಟ್ ಉಚಿತ. ಎರಡಕ್ಕೂ ಒಂದು ತೊಡಕು: ಆಂಡ್ರಾಯ್ಡ್ ಫೋನಿಗೆ ಚುಚ್ಚಿದರೆ ನೇರವಾಗಿ ತೆರೆಯಲ್ಲ. ಪೆನ್ ಡ್ರೈವ್ ಮೇಲೆಯೇ ಅಂಕಿ ಗುಂಡಿ ಇರುವ ದುಬಾರಿ ಮಾದರಿಗಳೂ ಬರ್ತವೆ. ನಮ್ಮ ಕೆಲಸಕ್ಕೆ ಅಷ್ಟು ದುಡ್ಡು ಸುರಿಯೋ ಅಗತ್ಯ ನನಗಂತೂ ಕಾಣಲ್ಲ, ಅದರಲ್ಲಿ ಒಂದು ಸ್ಪ್ರೇಯರ್ ತಗೋಬಹುದು.

ಈಗಾಗಲೇ ಬಳಸಿದ ಪೆನ್ ಡ್ರೈವ್ ಆದರೆ ಮೊದಲು ಫಾರ್ಮ್ಯಾಟ್ ಮಾಡಿ, ಕ್ವಿಕ್ ಫಾರ್ಮ್ಯಾಟ್ ಟಿಕ್ ತೆಗೆದು. ಕ್ವಿಕ್‌ನಲ್ಲಿ ಹಳೇ ಫೈಲುಗಳು ಒಳಗೇ ಉಳಿದಿರುತ್ತವೆ, ಹೊರತೆಗೆಯುವ ತಂತ್ರಾಂಶ ಪುಕ್ಕಟೆ ಸಿಗುತ್ತೆ.

ಇಷ್ಟೆಲ್ಲ ಮಾಡಿ ಅದೇ ಪೆನ್ ಡ್ರೈವ್ ಸೈಬರ್ ಸೆಂಟರ್‌ನಲ್ಲಿ ಚುಚ್ಚಿ ಪಾಸ್‌ವರ್ಡ್ ಹೊಡೆದರೆ ಬೀಗ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ತೆರೆದ ಮೇಲೆ ಆ ಕಂಪ್ಯೂಟರಿಗೆ ಎಲ್ಲವೂ ಕಾಣುತ್ತೆ, ಅದರಲ್ಲಿ ವೈರಸ್ ಇದ್ದರೆ ನೀವು ಒತ್ತಿದ ಅಕ್ಷರಗಳೂ ದಾಖಲಾಗಬಹುದು. ಅದಕ್ಕೆ ನಾನು ಎರಡು ಇಟ್ಟಿದ್ದೀನಿ. ಬೀಗದ್ದು ಮನೆಯಲ್ಲೇ, ನನ್ನ ಫೋನ್, ನನ್ನ ಲ್ಯಾಪ್‌ಟಾಪ್ ಬಿಟ್ಟು ಬೇರೆಲ್ಲೂ ಚುಚ್ಚಲ್ಲ. ಜೇಬಿನದು ಖಾಲಿ, ಅವತ್ತಿನ ಅರ್ಜಿಗೆ ಬೇಕಾದ ಎರಡು ಫೈಲು ಮಾತ್ರ. ಆಧಾರ್ ಕೇಳಿದ ಕಡೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ನಡೆಯುತ್ತಾ ಅಂತ ಮೊದಲು ವಿಚಾರಿಸ್ತೀನಿ. ಜೊತೆಗೆ ಎಂ-ಆಧಾರ್ ಆ್ಯಪ್‌ನಲ್ಲಿ ಅಪ್ಪ, ಅಮ್ಮನ ಬಯೋಮೆಟ್ರಿಕ್ ಲಾಕ್ ಮಾಡಿಟ್ಟಿದ್ದೀನಿ. ಪಡಿತರಕ್ಕೋ ಇ-ಕೆವೈಸಿಗೋ ಬೆರಳು ಒತ್ತಬೇಕಾದಾಗ ತಾತ್ಕಾಲಿಕವಾಗಿ ತೆಗೆದರಾಯ್ತು.

ಪಾಸ್‌ವರ್ಡ್ ವಿಷಯ. ಮರೆತರೆ ‘ಫರ್ಗಾಟ್’ ಒತ್ತೋಕೆ ಇಲ್ಲಿ ಯಾರೂ ಇಲ್ಲ, ಫೈಲು ಹೋದಂಗೇ. ಮೊಬೈಲ್ ನಂಬರ್, ಮಗಳ ಹೆಸರು, ಸರ್ವೆ ನಂಬರ್ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿ: ನೊಗ, ಕೊಡೆ, ಹಪ್ಪಳ, ಗಡಿಯಾರ ಈ ಥರ. ಇದನ್ನೇ ಎತ್ತಿ ಇಟ್ಕೋಬೇಡಿ ಮತ್ತೆ. ಹಾಳೆಯಲ್ಲಿ ಬರೆದು ಮೂಲ ಕ್ರಯಪತ್ರ ಇರೋ ಪೆಟ್ಟಿಗೆಯಲ್ಲೇ ಇಡಿ, ಮನೆಯಲ್ಲಿ ಇನ್ನೊಬ್ಬರಿಗೆ ತಿಳಿದಿರಲಿ. ಕಾಗದ ಬೇಕಾಗೋದು ನಾವು ಆಸ್ಪತ್ರೆಯಲ್ಲಿ ಮಲಗಿದಾಗಲೂ ಇರಬಹುದು.

ಸ್ಕ್ಯಾನ್ ಪ್ರತಿ ಮೂಲ ಪತ್ರಕ್ಕೆ ಬದಲಿ ಅಲ್ಲ ಅನ್ನೋದು ನೆನಪಿರಲಿ. ಡಿಜಿಲಾಕರ್‌ನಲ್ಲಿ ಇಲಾಖೆಯೇ ಕೊಟ್ಟ ದಾಖಲೆಗೆ ಮೂಲದಷ್ಟೇ ಮಾನ್ಯತೆ ಇದೆ, ನಾವೇ ಅಪ್‌ಲೋಡ್ ಮಾಡಿದ್ದಕ್ಕೆ ಇಲ್ಲ. ಪೆನ್ ಡ್ರೈವ್ ಕೂಡ ವರ್ಷಗಟ್ಟಲೆ ಮುಟ್ಟದೆ ಇಟ್ಟರೆ ಒಳಗಿನ ಮಾಹಿತಿ ಕೆಡಬಹುದು. ಅದೇ ಬೀಗದ ಫೈಲಿನ ಇನ್ನೊಂದು ಪ್ರತಿ ಅಕ್ಕನ ಮನೆಯಲ್ಲಿದೆ. ಮುಂಗಾರಿಗೆ ಮುಂಚೆ, ಬೀಜದ ಡಬ್ಬಿ ತೆಗೆದು ನೋಡೋ ದಿನವೇ ಇದನ್ನೂ ತೆರೆದು ನೋಡಿ, ಹೊಸ ಕಾಗದ ಇದ್ದರೆ ಸೇರಿಸ್ತೀನಿ.