ತುದಿ ಮುಟ್ಟಲಿಲ್ಲ, ಮನೆ ಮುಟ್ಟಿದೆ

ಕೌಜಲಗಿಯಲ್ಲಿ ಹುಟ್ಟಿ ಬೆಳೆದ ನನಗೆ ಬೆಟ್ಟ ಎಂದರೆ ಗೋಕಾಕಿನ ಬೆಟ್ಟ, ಅಷ್ಟೇ. ನಮ್ಮೂರ ಸುತ್ತ ಕಣ್ಣು ಹಾಯಿಸಿದಷ್ಟು ದೂರ ಎರೆಹೊಲ, ಕಬ್ಬು, ಗೋವಿನಜೋಳ. ಕಾಲೇಜು ತಪ್ಪಿಸಿ ಯೋಗಿಕೊಳ್ಳಕ್ಕೆ ಹೋಗಿ ಬಂದರೆ ಅದೇ ನಮಗೆ ದೊಡ್ಡ ಟ್ರೆಕ್ಕಿಂಗ್. ಅಂಥವನು ಕಳೆದ ನವೆಂಬರಿನಲ್ಲಿ ಒಬ್ಬನೇ ಕುಮಾರ ಪರ್ವತದ ದಾರಿ ಹಿಡಿದಿದ್ದೆ. ಯಾರಿಗೂ ಹೇಳದೆ.

ಹೊರಟದ್ದು ಬೆಟ್ಟಕ್ಕಲ್ಲ, ದೇವಸ್ಥಾನಕ್ಕೆ. ಎರಡು ವರ್ಷದಿಂದ ಸ್ಪರ್ಧಾತ್ಮಕ ಪರೀಕ್ಷೆಗಳನ್ನು ಬರೆಯುತ್ತಿದ್ದೆ. ಮೂರನೇ ಬಾರಿ ಕಟ್ ಆಫ್ ಹತ್ತಿರ ಬಂದಿದ್ದೆ. ಫಲಿತಾಂಶ ಚಲೋ ಬರಲಿ ಎಂದು ಅವ್ವ ಕುಕ್ಕೆ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತಿದ್ದಳು. ‘ಹೋಗಿ ಹರಕಿ ಮುಟ್ಟಿಸಿ ಬಾ ತಮ್ಮಾ, ಮುಂದಿಂದು ಅಂವ ನೋಡ್ಕೋತಾನ’ ಎಂದು ಕೈಗೆ ರೊಕ್ಕ ಇಟ್ಟಳು. ಅವಳಿಗೆ ಗೊತ್ತಿರದ ಸಂಗತಿ ಏನೆಂದರೆ, ಫಲಿತಾಂಶ ಆಗಲೇ ಬಂದು ಒಂದು ವಾರವಾಗಿತ್ತು. ಎರಡು ಅಂಕಗಳಿಂದ ನನ್ನ ಹೆಸರು ಪಟ್ಟಿಯ ಹೊರಗಿತ್ತು. ಹೇಳಲು ಬಾಯಿ ಬರಲಿಲ್ಲ. ಹುಬ್ಬಳ್ಳಿಗೆ ಬಂದು ರಾತ್ರಿ ಬಸ್ ಹತ್ತಿದೆ.

ಹರಕೆ ಮುಟ್ಟಿಸಿ ಹೊರಗೆ ಬಂದಾಗ ದೇವಸ್ಥಾನದ ಹಿಂದೆ ಹೆಡೆ ಎತ್ತಿದ ಹಾವಿನಂತೆ ನಿಂತಿತ್ತು ಶೇಷ ಪರ್ವತ. ಅದರ ಆಚೆ ಕುಮಾರ ಪರ್ವತ. ಅಲ್ಲಿಯಾದರೂ ಗೆದ್ದು ಬರಬೇಕು ಎಂಬ ಹಟ ಅದೇ ಕ್ಷಣ ಹುಟ್ಟಿತು. ಅಂದು ರಾತ್ರಿಯೇ ಮೊಬೈಲಿನಲ್ಲಿ ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ತೆಗೆದೆ. ಈ ಟಿಕೆಟ್ ಪದ್ಧತಿಗೂ ಒಂದು ಕಥೆಯಿದೆ. 2024ರ ಜನವರಿಯ ಕೊನೆಯ ವಾರ ಸಾಲು ರಜೆ ಬಂದಾಗ ಸಾವಿರಾರು ಜನ ಏಕಕಾಲಕ್ಕೆ ನುಗ್ಗಿ, ಬೆಟ್ಟದ ದಾರಿ ಜಾತ್ರೆಯಂತಾಗಿತ್ತು. ಆ ವಿಡಿಯೊ ನೀವೂ ನೋಡಿರಬಹುದು. ಆಮೇಲೆ ಚಾರಣವನ್ನೇ ನಿಲ್ಲಿಸಿ, ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿ ಆನ್‌ಲೈನ್ ಬುಕಿಂಗ್ ತಂದರು. ಮೇಲೆ ಡೇರೆ ಹಾಕಿ ಉಳಿಯುವಂತಿಲ್ಲ, ಅದೇ ದಿನ ಹತ್ತಿ ಅದೇ ದಿನ ಇಳಿಯಬೇಕು.

ಕುಮಾರ ಪರ್ವತದ ಎತ್ತರ 1,712 ಮೀಟರ್. ಆ ಸಂಖ್ಯೆ ಓದಿದಾಗ ನನಗೆ ಏನೂ ಅನಿಸಿರಲಿಲ್ಲ. ಆದರೆ ಕುಕ್ಕೆ ಇರುವುದು ತೀರಾ ತಗ್ಗಿನಲ್ಲಿ. ಅಲ್ಲಿಂದ ತುದಿಗೆ ಹತ್ತಬೇಕಾದ್ದು ಒಂದೂವರೆ ಸಾವಿರ ಮೀಟರಿಗಿಂತ ಹೆಚ್ಚು. ನಮ್ಮ ಗೋಕಾಕ ಫಾಲ್ಸ್ 52 ಮೀಟರ್. ಅಂಥ ಮೂವತ್ತು ಫಾಲ್ಸ್ ಒಂದರ ಮೇಲೊಂದು ಇಟ್ಟು ಹತ್ತಿದ ಹಾಗೆ. ಹೋಗಿ ಬರುವ ದಾರಿ ಇಪ್ಪತ್ತೈದು ಕಿಲೊಮೀಟರ್ ದಾಟುತ್ತದೆ.

ಬೆಳಿಗ್ಗೆ ಆರಕ್ಕೆ ಕಾಡು ಹೊಕ್ಕೆ. ಮೊದಲ ಐದಾರು ಕಿಲೊಮೀಟರ್ ದಟ್ಟ ಕಾಡು. ಬೇರುಗಳೇ ಮೆಟ್ಟಿಲು. ಅರ್ಧ ಗಂಟೆಯಲ್ಲಿ ಅಂಗಿ ಹಿಂಡುವಷ್ಟು ಬೆವರು. ಇಂಬಳ ಕಾಲಿಗೆ ಹತ್ತಿದ್ದು ತಿಳಿದದ್ದು ಸಾಕ್ಸ್ ಕೆಂಪಾದ ಮೇಲೆ. ಎಂಟೂಕಾಲಕ್ಕೆ ಗಿರಿಗದ್ದೆಯ ಭಟ್ಟರ ಮನೆ. ಕಾಡಿನ ನಡುವೆ ತೋಟ, ಅಂಗಳ, ಮನೆ. ಎಷ್ಟೋ ವರ್ಷಗಳಿಂದ ಚಾರಣಿಗರಿಗೆ ಅನ್ನ ಹಾಕಿದ ಜಾಗ. ಅದರಿಂದ ಸ್ವಲ್ಪ ಮೇಲೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್.

ಸಿಬ್ಬಂದಿ ಬ್ಯಾಗ್ ನೋಡಿ, ಪ್ಲಾಸ್ಟಿಕ್ ಎಣಿಸಿ, ರಿಜಿಸ್ಟರ್ ಮುಂದಿಟ್ಟರು. ‘ಒಬ್ಬರೇನಾ?’ ಎಂದರು. ತಲೆಯಾಡಿಸಿದೆ. ‘ಮನೆಯವರ ನಂಬರ್ ಬರೀರಿ.’ ಪೆನ್ನು ಅಲ್ಲೇ ನಿಂತಿತು. ಅವ್ವನ ನಂಬರ್ ಬರೆದರೆ, ಏನಾದರೂ ಆದಾಗ ಅವಳಿಗೆ ಹೋಗುವ ಮೊದಲ ಸುದ್ದಿಯೇ ನಾನು ಬೆಟ್ಟದಲ್ಲಿದ್ದೇನೆ ಎಂಬುದು. ಬೆಂಗಳೂರಿನಲ್ಲಿರುವ ಗೆಳೆಯನ ನಂಬರ್ ಬರೆದೆ. ಅವನಿಗೂ ಏನೂ ಗೊತ್ತಿರಲಿಲ್ಲ.

ಅಲ್ಲಿಂದ ಮುಂದೆ ಮರಗಳಿಲ್ಲ. ಬರೀ ಹುಲ್ಲು, ಬಂಡೆ, ಬಿಸಿಲು. ಹತ್ತೂಕಾಲಕ್ಕೆ ಕಲ್ಲು ಮಂಟಪ. ನಾಲ್ಕು ಕಲ್ಲು ಕಂಬ, ಮೇಲೊಂದು ಚಪ್ಪಡಿ, ಪಕ್ಕದಲ್ಲಿ ಸಣ್ಣ ನೀರು. ಬಾಟಲಿ ತುಂಬಿಕೊಂಡು ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ ತಿಂದೆ. ಮೇಲಿನ ದಾರಿ ಏಣಿಯಂತಿತ್ತು. ಒಂದು ಗುಡ್ಡ ಮುಗಿಯಿತು ಎನ್ನುವಾಗ ಹಿಂದಿನಿಂದ ಇನ್ನೊಂದು ತಲೆ ಎತ್ತುತ್ತಿತ್ತು. ಶೇಷ ಪರ್ವತದ ನೆತ್ತಿ ಮುಟ್ಟಿದಾಗ ಹನ್ನೆರಡಕ್ಕೆ ಹತ್ತು ನಿಮಿಷ ಬಾಕಿ. ಒಂದು ಪಕ್ಕ ನೆಲವೇ ಇಲ್ಲ, ನೇರ ಪ್ರಪಾತ. ಮೋಡ ಕೆಳಗಿನಿಂದ ಮೇಲಕ್ಕೆ ಏರಿ ಬರುತ್ತಿತ್ತು.

ಕುಮಾರ ಪರ್ವತ ಎದುರಿಗೇ ಇತ್ತು. ಆದರೆ ನಡುವೆ ಒಂದು ತಗ್ಗು, ಅದರ ತುಂಬ ಶೋಲಾ ಕಾಡು. ಇಳಿದು ಮತ್ತೆ ಹತ್ತಬೇಕು. ನಾನು ಕಾಡಿಗೆ ಇಳಿದೆ, ಮಂಜೂ ಇಳಿಯಿತು. ಐದು ನಿಮಿಷದಲ್ಲಿ ಹತ್ತು ಹೆಜ್ಜೆ ಆಚೆಗಿನ ಮರ ಕಾಣದಾಯಿತು. ಕಾಲುದಾರಿ ಎಂದುಕೊಂಡು ಹಿಡಿದದ್ದು ಮಳೆನೀರು ಹರಿದ ಜಾಡು. ಸ್ವಲ್ಪ ದೂರ ಹೋಗಿ ಅದು ಪೊದೆಯಲ್ಲಿ ಮುಗಿಯಿತು. ತಿರುಗಿ ನೋಡಿದರೆ ಬಂದ ದಾರಿಯೂ ಇಲ್ಲ.

ಫೋನಿನಲ್ಲಿ ನೆಟ್‌ವರ್ಕ್ ಇಲ್ಲ. ಚಾರ್ಜ್ 18. ಆಗ ನೆನಪಾದದ್ದು 2019ರ ಸೆಪ್ಟೆಂಬರಿನ ಸುದ್ದಿ. ಇದೇ ಬೆಟ್ಟದಲ್ಲಿ ಬೆಂಗಳೂರಿನ ಯುವಕನೊಬ್ಬ ತನ್ನ ಗುಂಪಿನಿಂದ ಬೇರಾಗಿ ದಾರಿ ತಪ್ಪಿದ್ದ. ಕಾಡಿನಲ್ಲಿ ಹುಡುಕಾಟ ನಡೆಯಿತು. ಕೊನೆಗೆ ನೀರಿನ ಪೈಪ್ ಒಂದನ್ನು ಹಿಡಿದು ನಡೆದು ಅವನೇ ಸುಬ್ರಹ್ಮಣ್ಯಕ್ಕೆ ಬಂದು ಸೇರಿದ. ಅವನನ್ನು ಹುಡುಕಲು ಜನ ಇದ್ದರು, ಏಕೆಂದರೆ ಅವನು ಎಲ್ಲಿಗೆ ಹೋಗಿದ್ದಾನೆಂದು ಗೆಳೆಯರಿಗೆ ಗೊತ್ತಿತ್ತು. ನನ್ನನ್ನು? ಅವ್ವ ನಾನು ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ನಿಂತಿದ್ದೇನೆ ಎಂದುಕೊಂಡಿದ್ದಳು.

ಓಡಬೇಕೆನಿಸಿತು. ಓಡಲಿಲ್ಲ. ಒಂದು ಬಂಡೆಯ ಮೇಲೆ ಕುಳಿತೆ. ಎದೆ ಬಡಿತ ಇಳಿದ ಮೇಲೆ ಮೂರು ಬಾರಿ ಕೂಗಿದೆ. ಉತ್ತರ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂಗಿದೆ. ಕಾಲು ಗಂಟೆ ಕಳೆದಿರಬೇಕು, ಎಡಗಡೆಯಿಂದ ಯಾರದೋ ಮಾತು ಕೇಳಿಸಿತು. ತುದಿ ಮುಟ್ಟಿ ಇಳಿಯುತ್ತಿದ್ದ ಹಾಸನದ ಇಬ್ಬರು ವಿದ್ಯಾರ್ಥಿಗಳು. ನಾನು ದಾರಿಯಿಂದ ಐವತ್ತು ಹೆಜ್ಜೆಯೂ ದೂರ ಇರಲಿಲ್ಲ!

‘ಇನ್ನೊಂದು ಬಂಡೆ ಹತ್ತಿದ್ರೆ ಮುಗೀತು ಬ್ರೋ, ಅರ್ಧ ಗಂಟೆ’ ಎಂದರು. ಗಡಿಯಾರ ನೋಡಿದೆ. ಒಂದಕ್ಕೆ ಐದು ನಿಮಿಷ. ಬೆಳಿಗ್ಗೆ ಹೊರಡುವಾಗ ನನಗೆ ನಾನೇ ಒಂದು ನಿಯಮ ಹಾಕಿಕೊಂಡಿದ್ದೆ: ಎಲ್ಲಿದ್ದರೂ ಸರಿ, ಒಂದು ಗಂಟೆಗೆ ತಿರುಗುವುದು. ಹತ್ತಲು ಏಳು ಗಂಟೆ ಹಿಡಿದಿತ್ತು. ಇಳಿಯಲು ಐದಾದರೂ ಬೇಕು. ಅಂದರೆ ಆರು, ಸೂರ್ಯ ಮುಳುಗುವ ಹೊತ್ತು. ತುದಿಗೆ ಹೋಗಿ ಬಂದರೆ ಏಳು. ಕೆಳಗಿನ ಕಾಡಿನಲ್ಲಿ ಆನೆಗಳಿವೆ. ನನ್ನ ಬಳಿ ಟಾರ್ಚ್ ಇರಲಿಲ್ಲ. ಲೆಕ್ಕ ಸರಳ. ಆದರೂ ಎರಡು ಅಂಕಕ್ಕೆ ಸೋತವನಿಗೆ ಅರ್ಧ ಗಂಟೆ ದೂರದಲ್ಲಿ ಇನ್ನೊಂದು ಸೋಲು ಒಪ್ಪಿಕೊಳ್ಳುವುದು ಸರಳವಾಗಿರಲಿಲ್ಲ. ಕಣ್ಣು ತುಂಬಿತು. ಅವರ ಹಿಂದೆಯೇ ಇಳಿದೆ.

ಇಳಿಯುವಾಗ ಮೊಣಕಾಲು ನಡುಗುತ್ತಿತ್ತು. ಚೆಕ್‌ಪೋಸ್ಟಿನಲ್ಲಿ ಅದೇ ಸಿಬ್ಬಂದಿ ನನ್ನ ಹೆಸರಿನ ಮುಂದೆ ಗುರುತು ಹಾಕಿದರು. ಕೆಳಗೆ ಬಂದಾಗ ಆರೂಕಾಲು, ಕಾಡಿನೊಳಗೆ ಆಗಲೇ ಕತ್ತಲೆ. ಊರೊಳಗೆ ಬರುತ್ತಿದ್ದಂತೆ ಫೋನ್ ಜೀವ ಪಡೆಯಿತು. ಅವ್ವನ ನಾಲ್ಕು ಮಿಸ್ಡ್ ಕಾಲ್.

ಫೋನ್ ಮಾಡಿ ಎರಡನ್ನೂ ಹೇಳಿದೆ. ಬೆಟ್ಟದ ವಿಷಯ, ಫಲಿತಾಂಶದ ವಿಷಯ. ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ ಅಂದಳು: ‘ನೌಕರಿ ಸಿಗ್ತತೋ ಬಿಡ್ತತೋ ಅದು ಬ್ಯಾರೆ ಮಾತು. ನೀ ಎಲ್ಲಿ ಅದಿ ಅನ್ನೋದರ ನನಗ ಗೊತ್ತಿರಬೇಕಲ್ಲೋ.’

ಈಗ ಮತ್ತೆ ಓದುತ್ತಿದ್ದೇನೆ. ಈ ಸಲ ಅವ್ವನ ಜೊತೆ ಕುಳಿತು ಒಂದು ದಿನಾಂಕ ಗೊತ್ತುಮಾಡಿದ್ದೇವೆ. ಅಲ್ಲಿಯವರೆಗೆ ಪ್ರಯತ್ನ, ಆಮೇಲೆ ಗೋಕಾಕಿನಲ್ಲಿ ಸಿಗುವ ಕೆಲಸ. ಅರ್ಜಿ ಹಾಕಿದ್ದು, ಬರೆದದ್ದು, ಬಂದ ಅಂಕ ಎಲ್ಲ ಅವಳಿಗೆ ಗೊತ್ತು. ಎದೆ ಹಗುರಾಗಿದೆ, ಓದು ತಲೆಗೆ ಹತ್ತುತ್ತಿದೆ.

ಬೆಟ್ಟ ಹತ್ತುವ ಗೆಳೆಯರಿಗೆ ಒಂದೇ ಮಾತು. ಒಬ್ಬರೇ ಹೋಗಬೇಡಿ. ಹೋದರೂ ಯಾವ ಬೆಟ್ಟ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ಮನೆಗೆ ಹೇಳಿ ಹೋಗಿ. ಟಾರ್ಚ್ ಇರಲಿ. ತಿರುಗುವ ಗಂಟೆಯನ್ನು ಕೆಳಗಿದ್ದಾಗಲೇ ನಿರ್ಧರಿಸಿ, ಮೇಲೆ ಹೋದ ಮೇಲೆ ಬುದ್ಧಿ ಮಾತು ಕೇಳುವುದಿಲ್ಲ. ಕುಮಾರ ಪರ್ವತ ಎಲ್ಲೂ ಹೋಗುವುದಿಲ್ಲ. ಬರುವ ಚಳಿಗಾಲಕ್ಕೆ ಇಬ್ಬರು ಗೆಳೆಯರು ಬರುತ್ತೇನೆ ಎಂದಿದ್ದಾರೆ. ರಿಜಿಸ್ಟರಿನಲ್ಲಿ ಈ ಸಲ ಅವ್ವನ ನಂಬರ್ ಬರೆಯುತ್ತೇನೆ.