ಪುಕ್ಕಟೆ ಆ್ಯಪ್ ಜೊತೆ ಕಳ್ಳನೂ ಬರಬಹುದು



ಹಾಲಿನ ಬಟವಾಡೆ ಈಗ ಬ್ಯಾಂಕ್ ಖಾತೆಗೆ ಬರುತ್ತದೆ. ಸರ್ಕಾರದ ಪ್ರೋತ್ಸಾಹಧನವೂ ಅಷ್ಟೇ. ಹಣ ಜಮಾ ಆದ ಮೆಸೇಜ್ ಬರುವುದು ನಿಮ್ಮ ಮೊಬೈಲಿಗೆ, ಓಟಿಪಿ ಬರುವುದೂ ಅದಕ್ಕೇ. ಫೋನ್‌ಪೇ, ಗೂಗಲ್ ಪೇ ಇರುವುದೂ ಅದರಲ್ಲೇ. ಹಿಂದೆ ಸಾಸಿವೆ ಡಬ್ಬಿಯಲ್ಲಿದ್ದ ದುಡ್ಡು ಈಗ ಮೊಬೈಲಿನಲ್ಲಿದೆ ಎಂದುಕೊಳ್ಳಿ. ಅದೇ ಮೊಬೈಲಿಗೆ ಮಕ್ಕಳು ಆಟದ ಆ್ಯಪ್ ಹಾಕುತ್ತಾರೆ, ನಾವು ಫೋಟೊ ಚಂದ ಮಾಡುವ ಆ್ಯಪ್ ಹಾಕುತ್ತೇವೆ, ವಾಟ್ಸಾಪಿನಲ್ಲಿ ಬಂದದ್ದನ್ನು ಒತ್ತಿ ನೋಡುತ್ತೇವೆ.

ಪುಕ್ಕಟೆ ಸಿಗುವುದೆಲ್ಲ ಕೆಟ್ಟದ್ದಲ್ಲ. ಆದರೆ ಅದರ ಜೊತೆಯಲ್ಲಿ ಏನು ಬರುತ್ತಿದೆ ಎಂದು ನೋಡಿ ಒಳಗೆ ಬಿಟ್ಟುಕೊಳ್ಳಬೇಕು.

ಜೋಳದ ಜೊತೆ ಕಳೆ ಬಂದ ಹಾಗೆ

ಮೇವಿನ ಜೋಳದ ಬೀಜ ಶುದ್ಧವಿಲ್ಲದಿದ್ದರೆ ಜೋಳವೂ ಹುಟ್ಟುತ್ತದೆ, ಜೊತೆಗೆ ಕಳೆಯೂ ಹುಟ್ಟುತ್ತದೆ. ಆ್ಯಪ್ ವಿಷಯದಲ್ಲೂ ಹಾಗೆಯೇ. ನೀವು ಹಾಕಿಕೊಂಡ ಆಟ ಆಡಲು ಬರುತ್ತದೆ, ಫೋಟೊ ಚಂದ ಆಗುತ್ತದೆ. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಅದರೊಳಗೆ ಸೇರಿಕೊಂಡು ಬಂದ ಇನ್ನೊಂದು ತಂತ್ರಾಂಶ ನಿಮ್ಮ ಮೆಸೇಜ್ ಓದಿ, ಓಟಿಪಿಯನ್ನು ಬೇರೆಯವರಿಗೆ ಕಳುಹಿಸುತ್ತಿರುತ್ತದೆ. ಇದನ್ನೇ ಮಾಲ್‌ವೇರ್ ಎನ್ನುತ್ತಾರೆ.

ಕಾಗದಪತ್ರ ಸ್ಕ್ಯಾನ್ ಮಾಡುವ ಕ್ಯಾಮ್‌ಸ್ಕ್ಯಾನರ್ ಆ್ಯಪ್ 10 ಕೋಟಿಗೂ ಹೆಚ್ಚು ಸಲ ಡೌನ್‌ಲೋಡ್ ಆಗಿತ್ತು. 2019ರ ಆಗಸ್ಟ್‌ನಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆಯ ತಜ್ಞರು ಅದರಲ್ಲಿ ಮಾಲ್‌ವೇರ್ ಇರುವುದನ್ನು ಕಂಡುಹಿಡಿದರು. ಜಾಹೀರಾತು ತೋರಿಸಲೆಂದು ಸೇರಿಸಿದ್ದ ಭಾಗದ ಮೂಲಕ ಅದು ಒಳಗೆ ಬಂದಿತ್ತು. ಗೂಗಲ್ ಆ ಆ್ಯಪನ್ನು ಆಗ ಪ್ಲೇ ಸ್ಟೋರಿನಿಂದ ತೆಗೆದುಹಾಕಿತು. 2021ರಲ್ಲಿ ಎಫ್‌ಎಂ ವಾಟ್ಸಾಪ್ ಎಂಬ ಬದಲಾಯಿಸಿದ ವಾಟ್ಸಾಪಿನಲ್ಲೂ ಹೀಗೆಯೇ ಮಾಲ್‌ವೇರ್ ಸಿಕ್ಕಿತು. 2023ರಲ್ಲಿ ‘ಗುಲಾಬಿ ಬಣ್ಣದ ವಾಟ್ಸಾಪ್’ ಲಿಂಕ್ ಒತ್ತಬೇಡಿ ಎಂದು ಮುಂಬೈ ಪೊಲೀಸರು ಎಚ್ಚರಿಸಿದರು. ಬಣ್ಣದ ಆಸೆಗೆ ಒತ್ತಿದವರ ಮೊಬೈಲ್ ಪರರ ಕೈಗೆ ಹೋಗುವ ಅಪಾಯವಿತ್ತು.

ಹಸು ಕೊಳ್ಳುವಾಗ ಕೇಳುವಂತೆ ಕೇಳಿ

ಹಸು ಕೊಳ್ಳುವಾಗ ಯಾವ ಊರಿನದು, ಎಷ್ಟನೇ ಸೂಲು, ಎಷ್ಟು ಹಾಲು ಎಂದು ವಿಚಾರಿಸದೆ ನೀವು ಹಗ್ಗ ಹಿಡಿಯುವುದಿಲ್ಲ. ಆ್ಯಪ್ ಹಾಕುವಾಗಲೂ ಮೂರು ಪ್ರಶ್ನೆ ಕೇಳಿ.

1. ಎಲ್ಲಿಂದ ಬಂತು? ಪ್ಲೇ ಸ್ಟೋರಿನಿಂದ ಮಾತ್ರ ಹಾಕಿಕೊಳ್ಳಿ. ವಾಟ್ಸಾಪಿನಲ್ಲಿ ಬಂದ ಫೈಲಿನ ಹೆಸರಿನ ಕೊನೆಗೆ ‘ಎಪಿಕೆ’ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿದ್ದರೆ ಒತ್ತಲೇಬೇಡಿ. ಪಿಎಂ ಕಿಸಾನ್ ಹಣ, ಗಾಡಿಯ ದಂಡ, ಬ್ಯಾಂಕ್ ಕೆವೈಸಿ, ಮದುವೆ ಆಮಂತ್ರಣ, ಹೀಗೆ ನಾನಾ ಹೆಸರಿನಲ್ಲಿ ಇವು ಬರುತ್ತವೆ. ಮದುವೆ ಪತ್ರಿಕೆ ಓದಲು ಆ್ಯಪ್ ಏಕೆ ಬೇಕು? ಫೋಟೊ ಸಾಕಲ್ಲವೇ? ಕಳುಹಿಸಿದವರು ನೆಂಟರೇ ಆಗಿದ್ದರೂ ನಂಬಬೇಡಿ. ಅವರ ಮೊಬೈಲ್ ಹಾಳಾಗಿ, ಅವರಿಗೇ ಗೊತ್ತಿಲ್ಲದೆ ನಿಮಗೆ ಬಂದಿರಬಹುದು. ಒಂದು ಫೋನ್ ಮಾಡಿ ಕೇಳಿ.

2. ಯಾರು ಮಾಡಿದ್ದು? ಪ್ಲೇ ಸ್ಟೋರಿನಲ್ಲಿ ಆ್ಯಪಿನ ಹೆಸರಿನ ಕೆಳಗೆ ಅದನ್ನು ಮಾಡಿದವರ ಹೆಸರಿರುತ್ತದೆ. ಸರ್ಕಾರದ ಯೋಜನೆಯ ಹೆಸರಿಟ್ಟುಕೊಂಡು, ಕೆಳಗೆ ಯಾರೋ ಖಾಸಗಿಯವರ ಹೆಸರಿದ್ದರೆ ಬಿಟ್ಟುಬಿಡಿ. ಬೈದು ಬರೆದ ಅಭಿಪ್ರಾಯಗಳನ್ನೂ ಓದಿ. ಹೊಗಳಿಕೆಯನ್ನು ದುಡ್ಡು ಕೊಟ್ಟು ಬರೆಸಬಹುದು.

3. ಏನು ಕೇಳುತ್ತದೆ? ಟಾರ್ಚ್ ಆ್ಯಪಿಗೆ ನಿಮ್ಮ ಮೆಸೇಜ್ ಏಕೆ ಬೇಕು? ಮಕ್ಕಳ ಆಟಕ್ಕೆ ನಿಮ್ಮ ಕರೆಗಳೇಕೆ ಬೇಕು? ಕೆಲಸಕ್ಕೆ ಸಂಬಂಧವಿಲ್ಲದ ಅನುಮತಿ ಕೇಳಿದರೆ ಕೊಡಬೇಡಿ. ಅದರಲ್ಲೂ ‘ಆ್ಯಕ್ಸೆಸಿಬಿಲಿಟಿ’ ಎಂಬ ಅನುಮತಿ ಕೇಳಿದರೆ ಬಹಳ ಹುಷಾರು. ಅದನ್ನು ಕೊಟ್ಟರೆ ನಿಮ್ಮ ಪರದೆಯ ಮೇಲೆ ಕಾಣುವುದನ್ನೆಲ್ಲ ಆ ಆ್ಯಪ್ ಓದಬಲ್ಲದು, ನಿಮ್ಮ ಬದಲು ತಾನೇ ಬಟನ್ ಒತ್ತಬಲ್ಲದು.

ಇನ್ನೆರಡು ಕೆಲಸ ಇವತ್ತೇ ಮಾಡಿ. ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಎಂದು ಹುಡುಕಿ, ವಾಟ್ಸಾಪ್, ಕ್ರೋಮ್ ಎಲ್ಲಕ್ಕೂ ಆಫ್ ಮಾಡಿ. ಪ್ಲೇ ಸ್ಟೋರ್ ತೆರೆದು, ಮೇಲೆ ಮೂಲೆಯಲ್ಲಿರುವ ನಿಮ್ಮ ಚಿತ್ರ ಒತ್ತಿ, ‘ಪ್ಲೇ ಪ್ರೊಟೆಕ್ಟ್’ಗೆ ಹೋಗಿ ‘ಸ್ಕ್ಯಾನ್’ ಕೊಡಿ. ಗೊತ್ತಾಗದಿದ್ದರೆ ಕಾಲೇಜಿಗೆ ಹೋಗುವ ಮಗಳ ಕೈಲಿ ಮಾಡಿಸಿ. ಪ್ಲೇ ಸ್ಟೋರಿನಲ್ಲೂ ಅಪರೂಪಕ್ಕೆ ಕೆಟ್ಟದ್ದು ನುಸುಳುತ್ತದೆ ಎಂಬುದನ್ನು ಕ್ಯಾಮ್‌ಸ್ಕ್ಯಾನರ್ ತೋರಿಸಿದೆ. ಆದ್ದರಿಂದ ಬೇಡದ ಆ್ಯಪ್‌ಗಳನ್ನು ಆಗಾಗ ತೆಗೆದುಹಾಕುತ್ತಿರಿ.

ಸಂಘದ ಕಂಪ್ಯೂಟರಿಗೂ ಇದೇ ಮಾತು

ಮಹಿಳಾ ಸಂಘಗಳ ಕಾರ್ಯದರ್ಶಿಯರು ಇದನ್ನು ಗಮನಿಸಬೇಕು. ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶವನ್ನು ಕನ್ನಡ ಗಣಕ ಪರಿಷತ್ತು ಪುಕ್ಕಟೆ ಕೊಡುತ್ತದೆ. ಅದು ಬೇಕಾದರೆ ಪರಿಷತ್ತಿನ ಜಾಲತಾಣದಿಂದಲೇ ಪಡೆಯಿರಿ. ಬೇರೆ ತಾಣಗಳಲ್ಲಿ ‘ಡೌನ್‌ಲೋಡ್’ ಎಂಬ ದೊಡ್ಡ ಬಟನ್‌ಗಳು ನಾಲ್ಕೈದು ಕಾಣುತ್ತವೆ. ಅವುಗಳಲ್ಲಿ ಹಲವು ಬರೀ ಜಾಹೀರಾತು. ಇನ್‌ಸ್ಟಾಲ್ ಮಾಡುವಾಗ ‘ನೆಕ್ಸ್ಟ್, ನೆಕ್ಸ್ಟ್’ ಎಂದು ಒತ್ತುತ್ತಾ ಹೋಗಬೇಡಿ. ಬೇರೆ ತಂತ್ರಾಂಶಗಳಿಗೆ ಮೊದಲೇ ಟಿಕ್ ಹಾಕಿಟ್ಟಿರುತ್ತಾರೆ. ‘ಕಸ್ಟಮ್’ ಆರಿಸಿ ಆ ಟಿಕ್ ತೆಗೆಯಿರಿ. ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶವನ್ನು ‘ಕ್ರ್ಯಾಕ್’ ಮಾಡಿ ಪುಕ್ಕಟೆ ಕೊಡುತ್ತೇವೆ ಎನ್ನುವವರ ಸಹವಾಸವೇ ಬೇಡ. ಸದಸ್ಯರ ಹಾಲಿನ ಲೆಕ್ಕವಿರುವ ಕಂಪ್ಯೂಟರಿನಲ್ಲಿ ಸಿನಿಮಾ, ಆಟ ಇಳಿಸಿಕೊಳ್ಳಬಾರದು.

ಆಗಿಯೇ ಹೋಗಿದ್ದರೆ?

ತಪ್ಪಿ ಒತ್ತಿಬಿಟ್ಟಿದ್ದರೆ ಕೂಡಲೇ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆಫ್ ಆಗಿದೆಯೇ ನೋಡಿ. ಮನೆಯ ಇನ್ನೊಂದು ಮೊಬೈಲಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆಯಿಂದ ಹಣ ಹೋಗದಂತೆ ತಡೆಯಲು ಹೇಳಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಬೇಗ ತಿಳಿಸಿದರೆ ಹಣ ವಂಚಕರ ಕೈ ಸೇರುವ ಮುನ್ನ ತಡೆಹಿಡಿಯಲು ಅವಕಾಶವಿರುತ್ತದೆ. ನೀವು ಬ್ಯಾಂಕಿಗೆ ತಿಳಿಸಿದ ನಂತರವೂ ಅಕ್ರಮವಾಗಿ ಹಣ ಹೋದರೆ ಆ ನಷ್ಟ ಬ್ಯಾಂಕಿನದೇ ಎಂದು ರಿಸರ್ವ್ ಬ್ಯಾಂಕ್ 2017ರಲ್ಲಿ ಸುತ್ತೋಲೆ ಹೊರಡಿಸಿದೆ. ಕರೆ ಮಾಡಿದ ಸಮಯ ಮತ್ತು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಆಮೇಲೆ ಆ ಆ್ಯಪ್ ತೆಗೆಸಿ. ತೆಗೆಯಲು ಬಾರದಿದ್ದರೆ ಫೋಟೊಗಳನ್ನು ಉಳಿಸಿಕೊಂಡು ಮೊಬೈಲನ್ನು ‘ಫ್ಯಾಕ್ಟರಿ ರೀಸೆಟ್’ ಮಾಡಿಸಿ, ಪಿನ್ ನಂಬರುಗಳನ್ನೆಲ್ಲ ಬದಲಾಯಿಸಿ.

ಕೊನೆಯದಾಗಿ ಒಂದು ಮಾತು. ಹೀಗಾದಾಗ ನಮ್ಮಲ್ಲಿ ಅನೇಕರು ಮನೆಯಲ್ಲಿ ಬೈಯುತ್ತಾರೆ, ಊರಲ್ಲಿ ನಗುತ್ತಾರೆ ಎಂದು ಎರಡು ದಿನ ಮುಚ್ಚಿಡುತ್ತೇವೆ. ವಂಚಕರಿಗೆ ಬೇಕಾದದ್ದೂ ಆ ಎರಡು ದಿನವೇ. ಓದಿದವರು, ನೌಕರಿಯಲ್ಲಿರುವವರೂ ಇದಕ್ಕೆ ಸಿಕ್ಕಿಬಿದ್ದಿದ್ದಾರೆ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಮನೆಯಲ್ಲೂ ಹೇಳಿ, ಹಾಲು ಹಾಕಲು ಹೋದಾಗ ಡೇರಿಯಲ್ಲೂ ಹೇಳಿ. ನಿಮ್ಮ ಒಂದು ಮಾತು ಇನ್ನೊಬ್ಬರ ಬಟವಾಡೆ ಉಳಿಸುತ್ತದೆ.

ರಾಸು ಹುಷಾರು ತಪ್ಪಿದರೆ 1962, ಖಾತೆಯ ಹಣ ಹೋದರೆ 1930. ಎರಡೂ ನಂಬರನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಿ.